ಕೈಯ ಪರೀಕ್ಷೆ, ಹೆಸರಿನ ಭಕ್ತಿ

ಚಳ್ಳಕೆರೆಯಲ್ಲಿ ನಮ್ಮಪ್ಪಂದಿರು ಕಂಬಳಿ ಕೊಳ್ಳುತ್ತಿದ್ದದ್ದು ಹೆಸರು ಕೇಳಿ ಅಲ್ಲ. ತಡವಿ, ಹಿಸುಕಿ, ಹುಣಸೆಬೀಜದ ಗಂಜಿ ಹಿಡಿದಿದೆಯಾ ಅಂತ ನೋಡಿ. ಮೊಳಕಾಲ್ಮೂರಿನ ನೇಕಾರನೂ ಅಷ್ಟೇ, ರೇಷ್ಮೆಯನ್ನ ಬೆರಳಲ್ಲೇ ಅಳೀತಾನೆ. 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಬೆಂಗಳೂರಲ್ಲಿ ಶುರುವಾದ ಎಚ್‌ಎಂಟಿ ವಾಚು ಕಟ್ಟಿದ್ದಕ್ಕೂ ಅವರಿಗೆ ಕಾರಣವಿತ್ತು: ದಿನಾ ಕೀ ಕೊಟ್ಟರೆ ಸಾಕು, ಕೆಟ್ಟರೆ ಬಸ್‌ಸ್ಟ್ಯಾಂಡಿನ ರಿಪೇರಿಯವನೇ ಬಿಚ್ಚುತ್ತಿದ್ದ. ಕೇಂದ್ರ ಸರ್ಕಾರ 2016ರಲ್ಲಿ ಆ ವಾಚು ಕಂಪನಿ ಮುಚ್ಚಲು ತೀರ್ಮಾನಿಸಿತು. ಬಿಡಿಭಾಗ ಸಿಗದಾದಾಗ ಅಪ್ಪಂದಿರು ಬೇರೆ ವಾಚು ಕಟ್ಟಿದರು. ಕಾರಣ ಹೋಯ್ತು, ಇಷ್ಟವೂ ಹೋಯ್ತು. ಭಕ್ತಿಗೆ ಮಾತ್ರ ಕಾರಣವೇ ಬೇಡ.

ಡಿಗ್ರಿ ಮುಗಿಸಿದ ನಾವೋ, ಕಂತಿನ ಮೇಲೆ ಫೋನು ತಂದು, ಬೇರೆ ಕಂಪನಿಯದು ಹಿಡಿದ ಗೆಳೆಯನನ್ನ ಹೀಯಾಳಿಸುತ್ತೇವೆ. ಹೆಸರು ಕೇಳಿ ಮನುಷ್ಯನ ಬೆಲೆ ಕಟ್ಟಿದವರು ನಮ್ಮ ಕೇರಿಯನ್ನ ಎಷ್ಟು ಕಾಲ ಹೊರಗಿಟ್ಟರು! ಅದೇ ತಕ್ಕಡಿ ಈಗ ನಮ್ಮ ಕೈಲಿ. ‘ಇದೇ ಯಾಕಪ್ಪಾ ಬೇಕಿತ್ತು?’ ಅಂತ ಅವ್ವ ಕೇಳಿದಾಗ, ಕಂಪನಿ ಹೆಸರು ಬಿಟ್ಟು ಬೇರೇನೂ ನಮ್ಮ ಬಾಯಿಗೆ ಬರಲಿಲ್ಲ.