ಪಾಲುದಾರಿಕೆಯ ಮಾತು ಕಾಗದದ ಮೇಲಿರಲಿ

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಯಾವುದೆಂದು ಮದ್ರಸದ ಮಕ್ಕಳನ್ನು ಕೇಳಿದರೆ ಥಟ್ಟನೆ ಹೇಳುತ್ತಾರೆ: ಅಲ್‌ಬಕರಃ ಅಧ್ಯಾಯದ 282ನೆಯದು. ಅದರಲ್ಲಿ ಏನಿದೆಯೆಂದು ಕೇಳಿದರೆ ದೊಡ್ಡವರೂ ತಡವರಿಸುತ್ತಾರೆ. ಅದು ಸಾಲದ ವ್ಯವಹಾರವನ್ನು ಬರೆದಿಡುವ ಆಜ್ಞೆ. ಬರೆಯುವವನು ನ್ಯಾಯದಿಂದ ಬರೆಯಬೇಕು, ಸಾಲಗಾರನೇ ಬರೆಯಿಸಬೇಕು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸಬಾರದು. ಅಲ್ಲಾಹನು ತನ್ನ ಗ್ರಂಥದ ಅತಿ ದೊಡ್ಡ ಸೂಕ್ತವನ್ನು ಇದಕ್ಕೆ ಮೀಸಲಿಟ್ಟಿರುವಾಗ ನಾವು ಇದನ್ನು ಕೇವಲ ವಕೀಲರ ಕೆಲಸವೆಂದು ತಳ್ಳಿಹಾಕಬಹುದೇ?

ಸಹೋದರರೇ, ನಮ್ಮ ಕಡೆಯ ರೂಢಿ ನೋಡಿ. ಇಂಡಿಯ ಲಿಂಬೆ ವ್ಯಾಪಾರವಿರಲಿ, ಸಿಂದಗಿಯ ಕಿರಾಣಿ ಅಂಗಡಿಯಿರಲಿ, ಮುದ್ದೇಬಿಹಾಳದ ಬಟ್ಟೆ ಅಂಗಡಿಯಿರಲಿ, ಬಸವನ ಬಾಗೇವಾಡಿಯ ಗ್ಯಾರೇಜಿರಲಿ, ಇಬ್ಬರು ಗೆಳೆಯರು ಕೂಡುತ್ತಾರೆ. “ನೀ ಬ್ಯಾರೆ ಅಲ್ಲ, ನಾ ಬ್ಯಾರೆ ಅಲ್ಲ” ಎನ್ನುತ್ತಾರೆ. ಬಿಸ್ಮಿಲ್ಲಾ ಹೇಳಿ ಬಾಗಿಲು ತೆರೆಯುತ್ತಾರೆ. ಕಾಗದ ಕೇಳಿದರೆ ಸ್ನೇಹಕ್ಕೆ ಅವಮಾನವೆಂದು ಭಾವಿಸುತ್ತಾರೆ.

ಒಬ್ಬನು 3 ಲಕ್ಷ, ಇನ್ನೊಬ್ಬನು 1 ಲಕ್ಷ ರೂಪಾಯಿ ಹಾಕಿದನೆನ್ನಿ. ಒಪ್ಪಂದವಿಲ್ಲದಿದ್ದರೆ 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 13ನೆಯ ಕಲಮಿನಂತೆ ಲಾಭವೂ ನಷ್ಟವೂ ಸರಿಸಮ. ಇಸ್ಲಾಮೀ ಕರ್ಮಶಾಸ್ತ್ರದಲ್ಲಾದರೋ ನಷ್ಟವನ್ನು ಬಂಡವಾಳದ ಪ್ರಮಾಣದಲ್ಲಿಯೇ ಹೊರಬೇಕು. ಶರೀಅತ್ತಿನಂತೆ ಹಂಚಿಕೊಳ್ಳಲು ಕಾನೂನೇ ಅವಕಾಶ ಕೊಟ್ಟಿದೆ. ಆದರೆ ಒಪ್ಪಂದದಲ್ಲಿ ಅದನ್ನು ಸ್ಪಷ್ಟಪಡಿಸಿರಬೇಕು. ಹೊರಗಿನ ಸಾಲಗಾರನಿಗೆ ಮಾತ್ರ ಪ್ರತಿಯೊಬ್ಬ ಪಾಲುದಾರನೂ ಪೂರ್ತಿ ಸಾಲಕ್ಕೆ ಹೊಣೆ ಎಂಬುದನ್ನು ಮರೆಯಬಾರದು.

ಇನ್ನು ಇಬ್ಬರಲ್ಲಿ ಒಬ್ಬನು ಮರಣ ಹೊಂದಿದರೆ? ಶರೀಅತ್ತಿನಂತೆ ಪಾಲುದಾರಿಕೆ ಅಲ್ಲಿಗೇ ಮುಗಿಯಿತು. ಬೇರೆ ಒಪ್ಪಂದವಿಲ್ಲದಿದ್ದರೆ ದೇಶದ ಕಾನೂನೂ ಅದನ್ನೇ ಹೇಳುತ್ತದೆ. ಇದ್ದತ್ ಮುಗಿಸಿದ ವಿಧವೆ ಮಗನ ಕೈಹಿಡಿದು ಅಂಗಡಿಗೆ ಬಂದು ಕೇಳುತ್ತಾಳೆ: “ನಮ್ಮವರ ಪಾಲು ಎಷ್ಟಪ್ಪಾ?” ಉಳಿದವನು ಪ್ರಾಮಾಣಿಕನೇ ಇರಬಹುದು. ಆದರೆ ಲೆಕ್ಕವೆಲ್ಲ ಬಾಯಲ್ಲೇ ಇದ್ದರೆ ಅವನು ಹೇಳಿದ್ದನ್ನು ಯಾರು ನಂಬುತ್ತಾರೆ? ಅವಳು ಹೇಳಿದ್ದನ್ನು ಯಾರು ಸಾಬೀತುಪಡಿಸುತ್ತಾರೆ? ಅನಾಥರ ಸೊತ್ತನ್ನು ಅನ್ಯಾಯವಾಗಿ ತಿನ್ನುವವರು ಹೊಟ್ಟೆಯಲ್ಲಿ ಬೆಂಕಿ ತುಂಬಿಕೊಳ್ಳುತ್ತಾರೆಂಬ ಎಚ್ಚರಿಕೆ ಅನ್ನಿಸಾ ಅಧ್ಯಾಯದಲ್ಲಿದೆ. ಲೆಕ್ಕವಿಡದವನು ತನಗರಿವಿಲ್ಲದೆಯೇ ಆ ಬೆಂಕಿಯ ಸಮೀಪ ಹೋಗುತ್ತಾನೆ.

ಲೆಕ್ಕ ತೀರಿಸದೆ ಅದೇ ಬಂಡವಾಳದಲ್ಲಿ ವ್ಯಾಪಾರ ಮುಂದುವರಿಸಿದರೆ, ಕಾಯ್ದೆಯ 37ನೆಯ ಕಲಮು ವಾರಸುದಾರರಿಗೆ ಆಯ್ಕೆ ಕೊಡುತ್ತದೆ: ಆ ಪಾಲಿನಿಂದ ಬಂದ ಲಾಭ, ಇಲ್ಲವೇ ವರ್ಷಕ್ಕೆ ಶೇಕಡಾ 6ರ ಬಡ್ಡಿ. ಬಡ್ಡಿ ನಮಗೆ ಹರಾಮ್. ಲಾಭದ ಪಾಲನ್ನು ಆರಿಸಿಕೊಳ್ಳುವ ಬಾಗಿಲು ತೆರೆದೇ ಇದೆ. ಆದರೆ ಲಾಭ ಎಷ್ಟೆಂದು ತಿಳಿಯಲು ಮತ್ತೆ ಪುಸ್ತಕವೇ ಬೇಕು.

ವ್ಯಾಪಾರ ಬೆಳೆದಂತೆ ಹೊಣೆಯೂ ಬೆಳೆಯುತ್ತದೆ. ಪಾಲುದಾರಿಕೆಯ ನೋಂದಣಿ ಕಡ್ಡಾಯವಲ್ಲ. ಆದರೆ ನೋಂದಣಿಯಿಲ್ಲದ ಸಂಸ್ಥೆಯು ಸರಕು ಒಯ್ದು ಹಣ ಕೊಡದವನ ಮೇಲೆ, ಬಾಕಿ 100 ರೂಪಾಯಿ ಮೀರಿದ್ದರೆ, ಒಪ್ಪಂದದ ಆಧಾರದಲ್ಲಿ ದಾವೆ ಹೂಡುವಂತಿಲ್ಲ. ತೆರಿಗೆಯಿರುವ ಸರಕನ್ನು ರಾಜ್ಯದೊಳಗೆ ಮಾರುವವನ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಅಂಥ ಸರಕನ್ನು ಗಡಿಯಾಚೆಯ ಸೋಲಾಪುರಕ್ಕೆ ಮಾರುವವನಿಗೆ ಈ ಮಿತಿಯ ರಿಯಾಯಿತಿಯಿಲ್ಲ. ತಕ್ಕಡಿಗೆ ಮುದ್ರೆ ಹಾಕಿಸುವುದು ಕಾನೂನು; ಸರಿಯಾಗಿ ತೂಗುವುದು ಈಮಾನ್.

“ಬರೆಯುವುದೆಂದರೆ ಅಪನಂಬಿಕೆಯಲ್ಲವೇ?” ಎನ್ನುವವರಿದ್ದಾರೆ. ಪ್ರವಾದಿ(ಸ)ರ ಸಂಗಾತಿಗಳಿಗಿಂತ ನಂಬಿಗಸ್ತರು ಯಾರಿದ್ದರು? ಬರೆಯಿರಿ ಎಂಬ ಆಜ್ಞೆ ಮೊದಲು ಬಂದದ್ದು ಅವರಿಗೇ. ಸಾಲ ಉಳಿಸಿ ಮೃತನಾದವನ ಜನಾಝ ಬಂದಾಗ, ಅಬೂ ಕತಾದಃ(ರ) ಆ ಸಾಲದ ಹೊಣೆ ಹೊರುವ ತನಕ ಪ್ರವಾದಿ(ಸ)ರು ನಮಾಝ್ ನಿರ್ವಹಿಸಲಿಲ್ಲ. ನಮ್ಮ ಜನಾಝದ ದಿನ ನಮ್ಮ ಸಾಲವೆಷ್ಟು, ನಮಗೆ ಬರಬೇಕಾದದ್ದೆಷ್ಟು ಎಂದು ಮನೆಯವರಿಗೆ ತಿಳಿದಿರುತ್ತದೆಯೇ?

ಈ ಜುಮಾ ಮುಗಿಸಿ ಪಾಲುದಾರನೊಂದಿಗೆ ಕುಳಿತುಕೊಳ್ಳಿ. ಬಂಡವಾಳ, ಲಾಭ-ನಷ್ಟದ ಪಾಲು, ಸಾಲ, ಮರಣಾನಂತರದ ವ್ಯವಸ್ಥೆ, ಎಲ್ಲವನ್ನೂ ಛಾಪಾ ಕಾಗದದ ಮೇಲೆ ಬರೆಯಿಸಿ, ಇಬ್ಬರು ಸಾಕ್ಷಿಗಳ ಸಹಿ ಪಡೆಯಿರಿ. ಅದು ಎಲ್ಲಿದೆಯೆಂದು ಹೆಂಡತಿಗೂ ಹೇಳಿ. ಅಲ್ಲಾಹನು ನಮ್ಮ ಸಂಪಾದನೆಯನ್ನು ಶುದ್ಧಗೊಳಿಸಲಿ, ಅನಾಥರ ಹಕ್ಕಿನ ಭಾರದಿಂದ ನಮ್ಮ ಕೊರಳನ್ನು ಕಾಪಾಡಲಿ. ಆಮೀನ್.