ಔಷಧಿಗೆ ಸಾಯದ ಕಸ ಯಾರ ತಪ್ಪು?

ಹೋದ ಮುಂಗಾರಿನ ಒಂದು ಭಾನುವಾರ ಹಾವೇರಿ ಕಡೆಯ ನಮ್ಮೂರಿಂದ ಅಣ್ಣನ ಫೋನು. "ಗೋವಿನಜೋಳಕ್ಕ ಔಷಧಿ ಹೊಡದು ಹದಿನೈದು ದಿನ ಆತು, ಕಸ ಸಾಯವಲ್ದೋ ತಮ್ಮಾ." ಬಾಲ್ಕನಿಯಲ್ಲಿ ಕಾಫಿ ಕುಡೀತಿದ್ದ ನಾನು ತಕ್ಷಣ ಉಪದೇಶ ಶುರು ಮಾಡಿದೆ. "ವರ್ಷಾ ವರ್ಷಾ ಅದನ್ನ ಹೊಡದ್ರ ಇನ್ನೇನಾಗ್ತೈತಿ? ಆಳು ಹಚ್ಚಿ ತೆಗಿಸು." ಅಣ್ಣ ಅಂದದ್ದು ಒಂದೇ ಮಾತು: "ನೀ ಬಂದು ಒಂದು ಸಾಲು ತೆಗಿ, ಆಮ್ಯಾಲೆ ಹೇಳು."

ಫೋನಿಟ್ಟ ಮೇಲೆ ಅವ್ವನ ಬೆನ್ನು ನೆನಪಾಯ್ತು. ನನ್ನ ಬಿಇ ಫೀಸಿಗಾಗಿ ಅವಳು ಬೇರೆಯವರ ಹೊಲದಲ್ಲೂ ದಿನವಿಡೀ ಬಗ್ಗಿ ಕಸ ತೆಗೆದವಳು. ಔಷಧಿ ಕ್ಯಾನು ಮನೆಗೆ ಬಂದ ಮೇಲೇ ಅವಳ ಬೆನ್ನಿಗೆ ಸ್ವಲ್ಪ ಬಿಡುವು ಸಿಕ್ಕಿದ್ದು. ಅದನ್ನು ಸೋಮಾರಿಗಳ ದಾರಿ ಅನ್ನೋಕೆ ನನಗಂತೂ ಬಾಯಿ ಬರಲ್ಲ.

ಆದರೆ ಆ ಬಿಡುವಿಗೆ ಬೆಲೆ ಇದೆ. ಹರಿಯಾಣದ ಗೋಧಿ ಹೊಲಗಳಲ್ಲಿ ಗುಲ್ಲಿ ಡಂಡಾ ಅನ್ನೋ ಕಳೆ ಇದೆ. ಎಳೆಯದಿದ್ದಾಗ ಥೇಟ್ ಗೋಧಿ ಸಸಿಯಂತೆಯೇ ಕಾಣತ್ತೆ, ಕೈಯಿಂದ ಕೀಳೋದು ಕಷ್ಟ. ಐಸೋಪ್ರೋಟ್ಯೂರಾನ್ ಬಂದಾಗ ರೈತರು ನಿಟ್ಟುಸಿರು ಬಿಟ್ಟರು. ಭತ್ತ, ಗೋಧಿ, ಮತ್ತೆ ಭತ್ತ, ಮತ್ತೆ ಗೋಧಿ, ಅದೇ ಔಷಧಿ. 1990ರ ದಶಕದ ಶುರುವಿಗೆ ಕಳೆ ಜಗ್ಗೋದನ್ನೇ ಬಿಟ್ಟಿತು. ಹೊಸ ಔಷಧಿಗಳು ಬಂದವು. ಕೆಲವು ವರ್ಷಕ್ಕೆ ಅವಕ್ಕೂ ಅದೇ ಗತಿ.

ಔಷಧಿಯೇನೂ ಗಿಡಕ್ಕೆ ಶಕ್ತಿ ಕೊಡಲ್ಲ. ಲಕ್ಷಾಂತರ ಗಿಡಗಳಲ್ಲಿ ಎಲ್ಲೋ ಒಂದೆರಡಕ್ಕೆ ತಾಳಿಕೊಳ್ಳುವ ಗುಣ ಮೊದಲೇ ಇರತ್ತೆ. ಉಳಿದವೆಲ್ಲ ಸತ್ತರೆ ಹೊಲ ಅವುಗಳದ್ದೇ. ಅಂದರೆ ಕಳೆ ಸಾಯತ್ತೆ ಅನ್ನೋದೇ ಒಂದು ಆಸ್ತಿ, ಊರ ಕೆರೆಯಂಥದ್ದು. ಪ್ರತಿಯೊಬ್ಬರೂ ತಮ್ಮ ಕೊಡ ತುಂಬಿಸಿಕೊಂಡರು, ಯಾರೂ ಕಳ್ಳರಲ್ಲ, ಕೆರೆ ಮಾತ್ರ ಬತ್ತಿತು.

ಹಾಗಾದರೆ ತಪ್ಪು ಯಾರದು? ಅಣ್ಣನೊಬ್ಬನೇ ಔಷಧಿ ಬಿಟ್ಟರೆ ಕೂಲಿ ಖರ್ಚು ಅವನದು, ಲಾಭ ಎಲ್ಲರದು. ಪಕ್ಕದ ಹೊಲದ ಬೀಜ ನೀರಲ್ಲೋ ಕಟಾವು ಯಂತ್ರದಲ್ಲೋ ಬಂದೇ ಬರತ್ತೆ. ಇಂಥಲ್ಲಿ ಒಬ್ಬನಿಗೆ ಮಾತ್ರ ಒಳ್ಳೆಯವನಾಗು ಅನ್ನೋದು ಅನ್ಯಾಯ. ಹಾಗಂತ ಯಾರೂ ಏನೂ ಮಾಡದಿದ್ದರೆ, ಕೊನೆಗೆ ಬಗ್ಗಬೇಕಾದ್ದು ಮತ್ತೆ ಯಾರದೋ ಅವ್ವನೇ. ಅಮೆರಿಕದ ಜಾರ್ಜಿಯಾದಲ್ಲಿ ಗ್ಲೈಫೋಸೇಟಿಗೆ ಸಾಯದ ದಂಟಿನ ಜಾತಿಯ ಕಳೆ 2005ರಲ್ಲಿ ಖಚಿತವಾಯ್ತು. ಅಷ್ಟು ದೊಡ್ಡ ಯಂತ್ರಗಳಿದ್ದೂ ಅಲ್ಲಿನ ಹತ್ತಿ ಹೊಲಗಳಿಗೆ ಆಳು ಇಳಿಸಿ ಕೈಯಿಂದ ಕಳೆ ಕೀಳಿಸಬೇಕಾಯ್ತು.

ಮಾಡಬೇಕಾದ್ದು ಗುಟ್ಟೇನಲ್ಲ. ಬೆಳೆ ಬದಲಿಸಬೇಕು, ಬೇರೆ ರೀತಿ ಕೆಲಸ ಮಾಡುವ ಔಷಧಿಗೆ ಹೋಗಬೇಕು, ಎಡೆ ಹೊಡೆಯಬೇಕು, ಉಳಿದ ಗಿಡ ಬೀಜ ಉದುರಿಸೋ ಮೊದಲೇ ಕೀಳಬೇಕು. ಇವೆಲ್ಲಕ್ಕೂ ದುಡ್ಡು, ಆಳು ಬೇಕು. ಉಪದೇಶ ಮಾತ್ರ ಪುಕ್ಕಟೆ, ಅದಕ್ಕೇ ನಾನು ಅದನ್ನೇ ಕೊಟ್ಟಿದ್ದೆ.

ಮರುದಿನ ಅಣ್ಣನಿಗೆ ಫೋನ್ ಮಾಡಿದೆ. ನಿಜವಾಗಿ ಔಷಧಿಗೆ ಜಗ್ಗದ ಕಳೆಯೋ, ಹೊಡೆದದ್ದೇ ತಡವಾಯ್ತೋ ಅಂತ ಕೃಷಿ ವಿಜ್ಞಾನ ಕೇಂದ್ರದವರನ್ನ ಕೇಳು ಅಂದೆ. ಕೂಲಿ ದುಡ್ಡು ಕಳಿಸಿದೆ. ಬದುವಿನಾಚೆಯ ಹೊಲದವರಿಗೂ ಹೇಳು ಅಂದಾಗ ಅಣ್ಣ ನಕ್ಕ: "ಅವ್ರ ತಮ್ಮ ಬೆಂಗಳೂರಾಗ ಇಲ್ಲಪಾ."

ಅದಕ್ಕೆ ನನ್ನ ಹತ್ರ ಇನ್ನೂ ಉತ್ತರ ಇಲ್ಲ.