ಹೊಸ ಸಭೆಗೆ ನಮ್ಮ ಸಹಾಯವು ಹೇಗಿರಬೇಕು?

(ಧ್ಯಾನಭಾಗ: ಅಪೊಸ್ತಲರ ಕೃತ್ಯಗಳು 16:9–15, ಫಿಲಿಪ್ಪಿಯವರಿಗೆ 4:15–18)



ಪೌಲನು ತ್ರೋವದಲ್ಲಿದ್ದಾಗ ರಾತ್ರಿಯಲ್ಲಿ ಒಂದು ದರ್ಶನವನ್ನು ಕಂಡನು. ಸಮುದ್ರದ ಆಚೆಯ ಮಕೆದೋನ್ಯ ಸೀಮೆಯವನೊಬ್ಬನು ನಿಂತುಕೊಂಡು, ತಮ್ಮ ಕಡೆಗೆ ಬಂದು ನೆರವಾಗಬೇಕೆಂದು ಅವನನ್ನು ಬೇಡಿಕೊಂಡನು. ನಮ್ಮ ಕೊಡಗಿನ ಸಭೆಯ ಆರಂಭವೂ ಇಂಥದೇ. ಆದರೆ ಇಲ್ಲಿ ಬೇಡಿಕೊಂಡವನು ದರ್ಶನದ ಮನುಷ್ಯನಲ್ಲ, ಕಣ್ಣಿಗೆ ಕಾಣುವ ಕೊಡವನೊಬ್ಬನು.

1836ರಲ್ಲಿ ಈ ದೇಶಕ್ಕೆ ಬಂದು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಅಯ್ಯನವರು 1852ರಲ್ಲಿ ಸ್ವದೇಶಕ್ಕೆ ಹಿಂದಿರುಗುವ ಸಿದ್ಧತೆಯಲ್ಲಿದ್ದರು. ಆಗ ಅಲ್ಮಂಡ ಮನೆತನದ ಸೋಮಯ್ಯನು ಘಟ್ಟವಿಳಿದು ಮಂಗಳೂರಿಗೆ ಬಂದನು. ಅವನೇ ಮುಂದೆ ಸ್ತೆಫನನೆಂಬ ಹೆಸರಿನಿಂದ ಕ್ರೈಸ್ತನಾದವನು. ಅಯ್ಯನವರು ಊರಿಗೆ ಹೋಗುವ ಯೋಚನೆಯನ್ನು ಬಿಟ್ಟು, 1853ರಲ್ಲಿ ಅವನ ಜೊತೆಯಲ್ಲಿ ಘಟ್ಟ ಹತ್ತಿ ಅಲ್ಮಂಡಕ್ಕೆ ಬಂದರು. ಬಾಸೆಲಿನ ಕಮಿಟಿಯು ಅವರನ್ನು ಕೊಡಗಿಗೆ ಕಳುಹಿಸಿದ್ದಲ್ಲ. ಕೆಲವು ಕಾಲ ಗೆಳೆಯರ ನೆರವೇ ಅವರಿಗೆ ಆಧಾರವಾಗಿತ್ತು. ಕೊಡಗಿನ ಕೆಲಸವನ್ನು ಮಿಶನ್ ತನ್ನದಾಗಿ ವಹಿಸಿಕೊಂಡದ್ದು ಆ ಮೇಲೆಯೇ. ಹೀಗೆ ಮೊದಲು ಕರೆದವನು ಬಂದನು, ಬಳಿಕ ಹೋದವನು, ಕಡೆಗೆ ಹಣ. ಈ ಕ್ರಮವನ್ನು ವಾಚಕರು ಮರೆಯದಿರಲಿ, ಯಾಕಂದರೆ ಈಗ ನಾವು ಅನೇಕ ಸಾರಿ ಇದನ್ನು ತಲೆಕೆಳಗು ಮಾಡುತ್ತೇವೆ.

ತರುವಾಯ ಸಿದ್ದಾಪುರದ ಕಡೆಯಲ್ಲಿ ಆನಂದಪುರವು ಹುಟ್ಟಿತು. ಅಂದು ಹೊಲೆಯರೆಂದು ಕರೆಯಲ್ಪಟ್ಟು, ಒಡೆಯರ ಭೂಮಿಗೆ ತಲೆತಲಾಂತರದಿಂದ ಅಂಟಿಕೊಂಡಿದ್ದ ಆಳುಮಕ್ಕಳು ಅಲ್ಲಿ ಸಭೆಯಾದರು. ಆಳಾದವನು ಒಡೆಯನ ಗದ್ದೆಯನ್ನು ಬಿಟ್ಟರೆ ಅವನಿಗೆ ಗಂಜಿಯೂ ಇಲ್ಲ, ಗುಡಿಸಲೂ ಇಲ್ಲ. ಅಂಥವನಿಗೆ ಬರೇ ಪ್ರಸಂಗವನ್ನು ಕೊಟ್ಟು ಕಳುಹಿಸುವದು ಪ್ರೀತಿಯೋ? ಆದಕಾರಣ ನೆಲವೂ ಮನೆಯೂ ಕೆಲಸವೂ ಒದಗಿಸಲ್ಪಟ್ಟವು. ಮಂಗಳೂರಿನಲ್ಲಿಯೂ ಇದೇ ಕಾರಣದಿಂದ ನೇಯ್ಗೆಯ ಕಾರ್ಖಾನೆ ನಡೆಯಿತು. 1865ರಲ್ಲಿ ಹೆಂಚಿನ ಕಾರ್ಖಾನೆಯೂ ಆರಂಭವಾಯಿತು.

ಅನ್ನವಿಕ್ಕಿದ ಕೈಯನ್ನು ದೂಷಿಸುವದು ನಮ್ಮ ಉದ್ದೇಶವಲ್ಲ. ಆದಾಗ್ಯೂ ಕೆಲಸ ಕೊಡುವ ಕೈಯೂ ಕರ್ತನ ಭೋಜನವನ್ನು ಕೊಡುವ ಕೈಯೂ ಒಂದೇ ಆದಾಗ, ಸಭೆಯವರು ಮಿಶನನ್ನು ತಾಯಿತಂದೆಯೆಂದೂ ಧಣಿಯೆಂದೂ ಎಣಿಸಿದರೆ ಆಶ್ಚರ್ಯವಿಲ್ಲ. 1914ರಲ್ಲಿ ಯುದ್ಧವು ಬಂತು. ಜರ್ಮನ್ ಬೋಧಕರನ್ನು ಸರಕಾರವು ಸೆರೆಯಲ್ಲಿಟ್ಟು, ಆ ಮೇಲೆ ದೇಶದಿಂದ ಕಳುಹಿಸಿತು. ಅಯ್ಯನವರಿಲ್ಲದ ಊರುಗಳಲ್ಲಿ ಗಂಟೆ ಬಾರಿಸಿದವರು ಯಾರು? ದೇಶೀಯ ಬೋಧಕರು, ಉಪದೇಶಿಗಳು, ಹಿರಿಯರು, ಮನೆಯಲ್ಲಿ ಮಕ್ಕಳಿಗೆ ಪ್ರಾರ್ಥನೆ ಕಲಿಸಿದ ತಾಯಂದಿರು. ದಕ್ಷಿಣ ಭಾರತ ಸಭೆಯು 1947ರಲ್ಲಿ ಸ್ಥಾಪಿತವಾದದ್ದು ಇಂಥವರು ಇದ್ದುದರಿಂದಲೇ.

ಕಾಫಿ ತೋಟದಲ್ಲಿ ಕೆಲಸ ಮಾಡುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಎಳೇ ಗಿಡಕ್ಕೆ ನೆರಳು ಬೇಕು. ಹಾಲುವಾಣದ ಮರವಿಲ್ಲದಿದ್ದರೆ ಬೇಸಿಗೆಯಲ್ಲಿ ಅದು ಸುಟ್ಟುಹೋಗುವದು. ಆದರೆ ವರುಷ ವರುಷವೂ ಮರಗಸಿ ಮಾಡದಿದ್ದರೆ ಎಲೆ ಮಾತ್ರ ದಟ್ಟವಾಗಿ, ಹೂಮಳೆ ಬಂದರೂ ಹೂವು ಕಡಿಮೆ. ನೆರಳಿನ ಮರವನ್ನು ಬುಡಸಮೇತ ಕಡಿಯುವವನೂ ಬುದ್ಧಿಹೀನನು, ಕತ್ತಿಯನ್ನೇ ಮುಟ್ಟದವನೂ ಬುದ್ಧಿಹೀನನು.

ಈಗ ಫಿಲಿಪ್ಪಿಯನ್ನು ನೋಡಿರಿ. ಅಲ್ಲಿ ಕಟ್ಟಡವಿರಲಿಲ್ಲ, ನದೀತೀರದಲ್ಲಿ ಕೆಲವು ಸ್ತ್ರೀಯರು ಕೂಡಿದ್ದರು. ಧೂಮ್ರವರ್ಣದ ವಸ್ತ್ರಗಳನ್ನು ಮಾರುವ ಲುದ್ಯಳು ತನ್ನ ಮನೆಯ ಬಾಗಿಲನ್ನು ತೆರೆದಳು. ಪೌಲನು ಅಲ್ಲಿಂದ ಹೊರಟು ಥೆಸಲೊನೀಕಕ್ಕೆ ಹೋದಾಗಲೇ ಈ ಹಸುಗೂಸಿನಂಥ ಸಭೆಯು ಒಂದೆರಡು ಸಾರಿ ಅವನ ಕೊರತೆಗೆ ಸಹಾಯವನ್ನು ಕಳುಹಿಸಿತು! ನಮ್ಮಲ್ಲಿ ಐವತ್ತು ವರುಷದ ಸಭೆಯೂ, ನಾವು ಬಡವರು, ನಮಗೇ ಯಾರಾದರೂ ಕೊಡಬೇಕು ಎಂದು ಹೇಳುವದುಂಟು. ಮಿಜೋರಾಮಿನ ಗುಡ್ಡಗಳ ತಾಯಂದಿರೂ ಬಡವರೇ. ಅವರು 1910ರಿಂದ ಅಡಿಗೆಗೆ ಅಕ್ಕಿ ಹಾಕುವಾಗಲೆಲ್ಲಾ ಒಂದು ಹಿಡಿಯನ್ನು ಕರ್ತನಿಗೆಂದು ಬೇರೆ ತೆಗೆದಿಟ್ಟರು. ಆ ಹಿಡಿ ಅಕ್ಕಿಯಿಂದ ಸುವಾರ್ತಿಕರು ದೂರದ ಊರುಗಳಿಗೆ ಹೋದರು. ಅಕ್ಕಿಯನ್ನುಣ್ಣುವ ನಮಗೆ ಇದು ಅರಿಯದ ವಿದ್ಯೆಯಲ್ಲ.

ನಮ್ಮ ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಕೆಲವು ವರುಷಗಳ ಹಿಂದೆ ಒಂದು ಊರಿನಲ್ಲಿ (ಅದರ ಹೆಸರು ಬೇಡ) ಐದು ಮನೆಗಳವರು ವಾಕ್ಯಕ್ಕೆ ಕಿವಿಗೊಟ್ಟರು. ನಾವು ಉಪದೇಶಿಯಾಗಿದ್ದೂ ಅವರ ಮನೆಗಳಲ್ಲಿ ಕುಳಿತದ್ದು ಕಡಿಮೆ, ಚಂದಾಪುಸ್ತಕ ಹಿಡಿದು ತಿರುಗಿದ್ದು ಹೆಚ್ಚು. ಪಟ್ಟಣದ ಸಭೆಗಳವರು ಉದಾರವಾಗಿ ಕೊಟ್ಟರು. ತಗಡಿನ ಮಾಡು ಎದ್ದಿತು, ಹಲಗೆಯ ಮೇಲೆ ಕೊಟ್ಟವರ ಹೆಸರುಗಳು ಏರಿದವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮೂರು ಮನೆಗಳವರು ಕೂಲಿಗಾಗಿ ಬೇರೆ ಎಸ್ಟೇಟಿಗೆ ಹೋದರು. ಉಳಿದವರಲ್ಲಿ ಸತ್ಯವೇದವನ್ನು ಓದಿ ಪ್ರಾರ್ಥನೆ ನಡಿಸಬಲ್ಲವರನ್ನು ನಾವು ತಯಾರು ಮಾಡಿರಲಿಲ್ಲ. ಮುಂದೆ ಆ ಮಾಡಿನ ಕೆಳಗೆ ಕರಿಮೆಣಸಿನ ಮೂಟೆಗಳನ್ನು ಇಟ್ಟಿದ್ದನ್ನು ಕಂಡು ನಮ್ಮ ಮುಖವು ಬಾಡಿತು. ಬೇರೆ ಎಸ್ಟೇಟಿಗೆ ಹೋದ ಆ ಮೂರು ಮನೆಗಳವರನ್ನು ಹುಡುಕಿಕೊಂಡು ಹೋಗಲು ನಮಗೆ ಮತ್ತೊಂದು ವರುಷ ಹಿಡಿಯಿತೆಂಬದು ಅದಕ್ಕಿಂತಲೂ ದೊಡ್ಡ ಲಜ್ಜೆ.

ಈ ವರುಷ ಮತ್ತೊಂದು ತೋಟದ ಲೈನ್ ಮನೆಗಳಿಂದ ಕರೆ ಬಂದಿದೆ. ನಮ್ಮ ಹಿರಿಯರ ಕೂಟದಲ್ಲಿ, ಮೊದಲು ಕಟ್ಟಡಕ್ಕೆ ಹಣ ಕೂಡಿಸೋಣವೆಂದು ಕೆಲವರು ಅಂದರು. ಅದರ ಮೊದಲು ನಾವು ಅಲ್ಲಿಗೆ ಹೋಗಿ ಕೇಳಿದೆವು. ಒಬ್ಬ ಮುದುಕಿ ತಾಯಿಯು, "ಅಯ್ಯಾ, ಕೂತುಕೊಳ್ಳಲು ನನ್ನ ಜಗಲಿ ಉಂಟು. ಜಡಿಮಳೆಯಲ್ಲಿಯೂ ತಪ್ಪದೆ ಬರುವವರು ಯಾರು? ಅದನ್ನು ಹೇಳಿ," ಅಂದಳು.

ಕೂಟದವರು ಈ ಮಾತಿಗೆ ತಲೆಬಾಗಿ ಹೀಗೆ ತೀರ್ಮಾನಿಸಿದ್ದಾರೆ: ಕಟ್ಟಡದ ಚಂದಾ ಸದ್ಯಕ್ಕೆ ಬೇಡ. ನಮ್ಮ ಸಭೆಯಿಂದ ಎರಡೆರಡು ಮನೆಯವರು ಸರದಿಯಂತೆ ಪ್ರತಿ ಆದಿತ್ಯವಾರ ಆ ಜಗಲಿಗೆ ಹೋಗತಕ್ಕದ್ದು. ಅಲ್ಲಿಯ ಇಬ್ಬರು ಯೌವನಸ್ಥರಿಗೆ ವಾಕ್ಯವನ್ನು ಓದಿ ಹೇಳುವದನ್ನು ನಾವು ಕಲಿಸತಕ್ಕದ್ದು. ಪಾಠಪುಸ್ತಕ, ದೀಪದ ಖರ್ಚು ಮೂರು ವರುಷ ನಮ್ಮದು. ವರುಷಕ್ಕೆ ಮೂರರಲ್ಲಿ ಒಂದು ಪಾಲು ಕಡಿಮೆ ಮಾಡುವದು. ಕಾಣಿಕೆಯ ತಟ್ಟೆಯನ್ನು ಮೊದಲನೆಯ ದಿನದಿಂದಲೇ ಅವರೇ ಹಿಡಿಯಲಿ, ಲೆಕ್ಕವನ್ನೂ ಅವರೇ ಬರೆಯಲಿ.

ಸರದಿಯ ಪಟ್ಟಿಯಲ್ಲಿ ಕಕ್ಕಡ ತಿಂಗಳಿನ ನಾಲ್ಕು ಆದಿತ್ಯವಾರಗಳಿಗೆ ಇನ್ನೂ ಯಾರೂ ಹೆಸರು ಕೊಟ್ಟಿಲ್ಲ. ಪಟ್ಟಿಯು ದೇವಾಲಯದ ಬಾಗಿಲಿನ ಬಳಿಯಲ್ಲಿ ಇಡಲ್ಪಟ್ಟಿದೆ.